ಕಿರ್ರೆನ್ನುವ ಕಾರು, ಕಿವಿಗೊಡದ ಭಾವ

ಮದ್ದೂರಲ್ಲಿ ಗ್ಯಾರೇಜ್ ಇಟ್ಟವನು ಜೇಬಲ್ಲಿ ಬಿ.ಪಿ. ಮಾತ್ರೆಯನ್ನೂ ಇಟ್ಟುಕೊಂಡಿರಬೇಕು. ಗಾಡಿ ಕೆಡೋದಕ್ಕೆ ನನಗೇನೂ ಬೇಜಾರಿಲ್ಲ, ನನ್ನ ಹೊಟ್ಟೆ ತುಂಬೋದೇ ಅದರಿಂದ. ಆದರೆ ಗಾಡಿಯೇ ಬಾಯಿಬಿಟ್ಟು ಕೂಗಿಕೊಂಡರೂ ಕಿವಿಗೆ ಹಾಕಿಕೊಳ್ಳದ ಜನ ವಾರಕ್ಕೊಬ್ಬರಾದರೂ ಬಂದೇ ಬರ್ತಾರೆ. ಬೇರೆಯವರಾದರೆ ಬೈದು ಕಳಿಸಬಹುದು. ನನ್ನ ಕರ್ಮಕ್ಕೆ ಅವರಲ್ಲಿ ಮೊದಲನೆಯವರು ನಮ್ಮ ಭಾವ. ಬೆಸಗರಹಳ್ಳಿ ಕಡೆ ಕಬ್ಬು, ರೇಷ್ಮೆ ಅಂತ ಅನುಕೂಲವಾಗಿದ್ದಾರೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. ಆ ಕಾರಲ್ಲಿ ಅವರ ಪಕ್ಕ ಕೂರೋದು ನನ್ನ ಒಡಹುಟ್ಟಿದ ಅಕ್ಕ. ನನ್ನ ಹೊಟ್ಟೆ ಉರಿಯೋದು ಅದಕ್ಕೇ.

೧. ಎಕ್ಕಡದ ನ್ಯಾಯ

ಒಂದು ದಿನ ಭಾವ ನನ್ನ ಗ್ಯಾರೇಜ್ ಮುಂದೆ ಬ್ರೇಕ್ ಹಾಕಿದರು. ಕಿರ್ರ್ ಅಂದ ಸದ್ದಿಗೆ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸಿತು.

"ಭಾವ, ಬ್ರೇಕ್ ಪ್ಯಾಡ್ ಸವೆದಿದೆ. ಸವೆದದ್ದು ಗೊತ್ತಾಗಲಿ ಅಂತಲೇ ಅದರಲ್ಲೊಂದು ತಗಡಿನ ಚೂರು ಇಟ್ಟಿರ್ತಾರೆ, ಅದು ಚಕ್ರದ ಜೊತೆ ತಿರುಗೋ ಡಿಸ್ಕಿಗೆ ತಾಗಿ ಕೂಗ್ತಿದೆ. ಬಿಟ್ಟು ಹೋಗಿ, ಒಂದು ಗಂಟೇಲಿ ಹೊಸದು ಹಾಕ್ತೀನಿ" ಅಂದೆ.

"ಗ್ಯಾರೇಜ್‌ನೋರೆಲ್ಲ ಇಂಗೇ ಏಳದು ಕಣ್ಲಾ. ಒಸ ಎಕ್ಕಡ ಕಿರ್ ಅನ್ನಾಕಿಲ್ವಾ? ತುಳೀತಾ ತುಳೀತಾ ಸರೋಯ್ತದೆ ಬುಡು."

ಕಾರಿಗೆ ಹತ್ತು ವರ್ಷ. ಎಕ್ಕಡ ಸವೆದರೆ ಕಾಲಿಗೆ ಕಲ್ಲು ಚುಚ್ಚುತ್ತೆ, ಇದು ಸವೆದರೆ ಮುಂದೆ ಕಬ್ಬಿನ ಲಾರಿ ಇರುತ್ತೆ ಅಂತ ನಾನು ಗಂಟಲು ಹರಿದುಕೊಂಡೆ. ಅವರು ಹಾಡಿನ ಸೌಂಡ್ ಜಾಸ್ತಿ ಮಾಡಿ, "ನೋಡು, ಈಗ ಕಿರ್ ಅನ್ನದು ಕೇಳ್ತದಾ?" ಅಂದು ಹೊರಟೇಬಿಟ್ಟರು.

೨. ಕೆಂಪು ಲೈಟಿಗೆ ಬೊಟ್ಟು

ಮಳವಳ್ಳಿಯಲ್ಲಿ ನಂಟರ ಮದುವೆ. ಬುದ್ಧಿಗೆಟ್ಟು ನಾನೂ ಅದೇ ಕಾರಲ್ಲಿ ಹಿಂದೆ ಕೂತೆ. ಭಾವ ಬ್ರೇಕ್ ತುಳಿದು ಎಷ್ಟೋ ಹೊತ್ತಾದ ಮೇಲೆ ಕಾರು ಯೋಚನೆ ಮಾಡಿ ನಿಲ್ಲುತ್ತಿತ್ತು. ಸ್ಟೇರಿಂಗ್ ಹಿಂದೆ ಮೀಟರ್ ಮೇಲೆ ಅಕ್ಕನ ಸ್ಟಿಕ್ಕರ್ ಬೊಟ್ಟು ಅಂಟಿತ್ತು. ಬಗ್ಗಿ ಕಿತ್ತೆ. ಒಳಗೆ ಬ್ರೇಕಿನ ಕೆಂಪು ಲೈಟು ಉರೀತಿದೆ! ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಕೆಳಗಿಳಿದು, ಆ ಲೈಟು ಹತ್ತಿಕೊಂಡಿತ್ತು.

"ಕೀಳ್ಬ್ಯಾಡ ಕಣ್ಲಾ, ಕಣ್ಗೊಡೀತದೆ ಅಂತ ನಾನೇ ಅಂಟ್ಸಿವ್ನಿ" ಅಂದರು ಭಾವ.

ಭಾರತೀನಗರದಲ್ಲಿ ನಿಲ್ಲಿಸಿ ಅಂತ ಜಗಳವಾಡಿ ಇಳಿದೆ. ಅಕ್ಕನನ್ನೂ ಕರೆದೆ. "ರೇಸ್ಮೆ ಸೀರೆ ಉಟ್ಕಂಡು ಬಸ್ಸಲ್ಲಿ ಯಾರ್ಲಾ ನಿಂತ್ಕತ್ತಾರೆ, ನೀನೋಗು" ಅಂದಳು. ಮಳವಳ್ಳಿ ತಲುಪೋವರೆಗೂ ನನ್ನ ಜೀವ ನನ್ನ ಕೈಲಿರಲಿಲ್ಲ. ಛತ್ರದ ಬಾಗಿಲಲ್ಲಿ ಭಾವ ಎಲೆ ಅಡಿಕೆ ಹಾಕ್ಕೊಂಡು ನಿಂತಿದ್ದರು. "ಬ್ರೇಕ್ ಸಂದಾಗಿರೋ ಬಸ್ಸಲ್ಲಿ ಬಂದ್ಯಾ? ಊಟ ಮುಗೀತು ಕಣ್ಲಾ."

೩. ಕೀಲೆಣ್ಣೆ

ತಿಂಗಳಾಗೋದರಲ್ಲಿ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಗರಗರ ಅನ್ನೋಕೆ ಶುರುವಾಯಿತು. ಎತ್ತಿನ ಗಾಡಿ ಚಕ್ರ ಕಿರುಗುಟ್ಟಿದರೆ ಕೀಲೆಣ್ಣೆ ಹಾಕಿ ಬೆಳೆದವರು ನಮ್ಮ ಭಾವ. ಚಕ್ರದ ಸಂದಿಯಿಂದ ಡಿಸ್ಕಿಗೆಲ್ಲ ಹರಳೆಣ್ಣೆ ಸುರಿದಿದ್ದಾರೆ. ಆಮೇಲೆ ನನಗೆ ಫೋನು.

"ಸದ್ದು ನಿಲ್ತು ಕಣ್ಲಾ."

"ಕಾರು?"

"ಅದು ನಿಲ್ಲಿಲ್ಲ. ತಿಪ್ಪೇಲೈತೆ."

"ಒಳಗೆ ಅಕ್ಕ ಇದ್ದಳಾ?"

"ಇಲ್ಲ ಬುಡು. ಅವ್ಳು ತಿಪ್ಪೆಗೆ ಕಸ ಆಕ್ತಿದ್ಲು. ಎಗರ್ಕಂಡವ್ಳೆ."

ಹೋದವನೇ ಯಾರನ್ನೂ ಕೇಳಲಿಲ್ಲ. ಕಾರು ಎಳೆದು ತಂದು, ಡಿಸ್ಕೂ ಬದಲಾಯಿಸಿ, ಎರಡೂ ಕಡೆ ಹೊಸ ಪ್ಯಾಡ್ ಹಾಕಿ ಕಳಿಸಿದೆ. "ಎಣ್ಣೆ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇಯ" ಅಂದರು ಭಾವ.

೪. ಅಕ್ಕನ ದೂರು

ಮೂರು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಾಲ್ಕನೇ ದಿನ ಅಕ್ಕ ಫೋನ್ ಮಾಡಿದಳು. ಒಳ್ಳೇ ಮಾತು ಆಡ್ತಾಳೆ ಅಂದುಕೊಂಡೆ.

"ಏನ್ಲಾ ಮಾಡ್ದೆ ಆ ಕಾರ್‌ಗೆ? ಕಳ್ಳನಂಗೆ ಸದ್ದಿಲ್ದೆ ಬಂದು ನಿಂತ್ಕತ್ತಾರೆ. ಮೊದ್ಲು ನಾಲೆ ತಿರುವಲ್ಲಿ ಕಿರ್ ಅಂದೇಟ್ಗೆ ಎಸರಿಗೆ ಇಟ್ಟಾಕ್ತಿದ್ದೆ. ಅವ್ರು ದನ ನೋಡಿ, ಕೈಕಾಲು ತೊಳ್ಕಂಡು ಬರೋವೊತ್ಗೆ ತಟ್ಟೇಲಿ ಬಿಸಿ ಮುದ್ದೆ ಇರದು. ಈಗ ಅಂದಾಜ್ಮೇಲೆ ಮಾಡಿಡದು, ದಿನಾ ತಣ್ಣನ್ನ ಮುದ್ದೆ, ದಿನಾ ಜಗಳ. ಅಳೇದನ್ನೇ ಆಕ್ಕೊಡು."

ನನಗೆ ರೇಗಿಹೋಯಿತು. "ಅಕ್ಕ, ಅದು ನಿನ್ನ ಜೀವ ಕಣೇ! ನಿನಗೋಸ್ಕರ ಇಷ್ಟು ದಿನದಿಂದ ಬಡ್ಕೊಂಡಿದ್ದೀನಿ, ನೀನೇ ಹಿಂಗಂದ್ರೆ?"

ಅಕ್ಕ ತಣ್ಣಗೆ ಹೇಳಿದಳು:

"ಅದ್ಕ್ಯಾಕ್ ಸಿಟ್ಟಾಗ್ತೀಯ? ಎಲ್ಡೂ ಕಡೆ ಆಕು ಅಂದ್ನಾ? ಎಡಗಡೆ ನಾನ್ ಕೂರ್ತೀನಿ, ಅಲ್ಲಿ ಒಸದೇ ಇರ್ಲಿ. ಅವ್ರ ಕಡೀಕ್ ಮಾತ್ರ ಅಳೇದಾಕು."