ಒಂದೇ ಪದದ ಎರಡು ಚೀಟಿ

ಫಿಟ್ಟರ್‌ನ ಕೈಯಿಂದ ಸ್ಪ್ಯಾನರ್ ಜಾರಿ, ಏಣಿಯ ಕೆಳಗೆ ಕೂತಿದ್ದ ವೆಲ್ಡರ್‌ನ ತಲೆಯಿಂದ ಗೇಣು ದೂರದಲ್ಲಿ ಬಿತ್ತು. ವೆಲ್ಡರ್ ಬೇರೆ ಯಾರೂ ಅಲ್ಲ, ಫಿಟ್ಟರ್‌ನ ಹೆಂಡತಿಯ ತಮ್ಮ. ಇಪ್ಪತ್ತಾರು ವರ್ಷ ನಟ್ಟು ಬೋಲ್ಟು ತಿರುವಿ ಫಿಟ್ಟರ್‌ನ ಬಲಗೈ ಸೋತುಹೋಗಿತ್ತು.

ಮರುದಿನ ಬೆಳಿಗ್ಗೆ ಅವನು ಕಾರ್ಖಾನೆಯ ದವಾಖಾನೆಗೆ ಹೋದ. ಡಾಕ್ಟರು ತಮ್ಮ ಎರಡು ಬೆರಳು ಕೊಟ್ಟು "ಹಿಸುಕಿ" ಎಂದರು. ಸ್ವಲ್ಪ ಕಾದು, "ಹಿಸುಕಿ ಅಂದೆನಲ್ಲ" ಎಂದರು.

"ಹಿಸುಕ್ತಾನೇ ಇದೀನಿ ಸರ್."

ಡಾಕ್ಟರು ಚೀಟಿಯಲ್ಲಿ ಇಂಗ್ಲಿಷಿನ ಎರಡು ಪದ ಗೀಚಿದರು: ಗ್ರಾಸ್ಪ್ ಪೂರ್. "ಆಫೀಸಿಗೆ ಕೊಡಿ, ಕೂತು ಮಾಡೋ ಕೆಲಸ ಕೊಡ್ತಾರೆ" ಎಂದು ಹೇಳಿ, ರಜೆಯ ಮೇಲೆ ಊರಿಗೆ ಹೊರಟುಹೋದರು.

ಆಫೀಸಿನ ಗುಮಾಸ್ತರು ಚೀಟಿ ಓದಿ ಫಿಟ್ಟರ್‌ನನ್ನು ಹೆಣ ನೋಡುವಂತೆ ನೋಡಿದರು. "ನನ್ನ ಮಗನ ಪ್ರೋಗ್ರೆಸ್ ಕಾರ್ಡಲ್ಲಿ ಗಣಿತದ ಮುಂದೆ ಮೂರು ವರ್ಷದಿಂದ ಇದನ್ನೇ ಬರೀತಿದಾರೆ. ತಲೆಗೆ ಏನೂ ಹತ್ತಲ್ಲ ಅಂತ ಅರ್ಥ."

"ನಾನು ತೋರಿಸಿದ್ದು ಕೈ ಸರ್."

"ನೀವು ಕೈ ತೋರಿಸಿದ್ರಿ, ಅವರು ತಲೆ ನೋಡಿದಾರೆ. ಡಾಕ್ಟ್ರು ಅಂದ್ರೆ ಸುಮ್ನೆನಾ?"

ತಲೆ ಸರಿಯಿಲ್ಲದವರನ್ನು ಯಂತ್ರದ ಹತ್ತಿರ ಬಿಡುವಂತಿರಲಿಲ್ಲ. ಅಂಥವರನ್ನು ಮನೆಗೇ ಕಳಿಸುವುದು. ಮ್ಯಾನೇಜರು ನಾಲ್ಕಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದರು ಗುಮಾಸ್ತರು.

ಚಹಾದ ಹೊತ್ತಿಗೆ ಸುದ್ದಿ ಕಾರ್ಖಾನೆಯೆಲ್ಲ ಹಬ್ಬಿತು. ಸ್ಟೋರ್‌ಕೀಪರ್ ಸುತ್ತಿಗೆ ಎತ್ತಿ ತೋರಿಸಿ, "ಇದು... ಸುತ್ತಿಗೆ" ಎಂದು ಬಿಡಿಸಿ ಹೇಳಿದ. ಫಿಟ್ಟರ್ ರೇಗಿದ. "ಕೋಪಾನೂ ಶುರುವಾಗಿದೆ ಪಾಪ" ಎಂದು ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

ವೆಲ್ಡರ್ ಬಂದು ಹೆಗಲ ಮೇಲೆ ಕೈಯಿಟ್ಟ. "ಭಾವ, ಅಕ್ಕನಿಗೆ ಫೋನ್ ಮಾಡಿ ಹೇಳಿದೀನಿ. ಅವಳಿಗೆ ಮೊದಲಿಂದ ಅನುಮಾನ ಇತ್ತಂತೆ."

"ಮೊದಲಿಂದ ಅಂದ್ರೆ?"

"ಮದುವೆ ಆದಾಗಿಂದ."

ಫಿಟ್ಟರ್‌ಗೆ ನಗು ಬರಲಿಲ್ಲ. ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು. ಅವನು ದವಾಖಾನೆಗೆ ಓಡಿದ. ಮಧ್ಯಾಹ್ನದ ಪಾಳಿಯಲ್ಲಿ ಹೊಸ ಲೇಡಿ ಡಾಕ್ಟರು ಇದ್ದರು.

"ಮೇಡಂ, ನನಗೆ ತಲೆ ಇಲ್ಲ ಅಂತಿದಾರೆ. ಪರೀಕ್ಷೆ ಮಾಡಿ ಬರೆದುಕೊಡಿ."

ಅವರು ದಿನ ಕೇಳಿದರು, ತಿಂಗಳುಗಳನ್ನು ಹಿಂದಿನಿಂದ ಹೇಳಿಸಿದರು. ಅವನು ಎಲ್ಲ ಹೇಳಿ, ಹೊರಗಿನ ನೀರಿನ ಪಂಪು ಯಾಕೆ ಗೊರಗುಟ್ಟುತ್ತಿದೆ ಎಂಬುದನ್ನೂ ಕೂತಲ್ಲಿಂದಲೇ ಹೇಳಿದ. ಡಾಕ್ಟರು ಮೆಚ್ಚಿಕೊಂಡು ಪೆನ್ನು ತೆಗೆದರು.

"ಗ್ರಾಸ್ಪ್ ಅಂತಲೇ ಬರೀರಿ ಮೇಡಂ. ಬೇರೆ ಪದ ಬರೆದ್ರೆ ನಮ್ಮ ಗುಮಾಸ್ತರಿಗೆ ತಿಳಿಯಲ್ಲ."

ಅವರು ಬರೆದರು: ಗ್ರಾಸ್ಪ್ ಎಕ್ಸಲೆಂಟ್.

ನಾಲ್ಕು ಗಂಟೆಗೆ ಅವನು ಆಫೀಸಿಗೆ ಬಂದು ಹೊಸ ಚೀಟಿಯನ್ನು ಗುಮಾಸ್ತರ ಕೈಗೆ ಕೊಟ್ಟು, ಅವರ ಜೊತೆ ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರು ಬೆಳಗಿನ ಚೀಟಿ ಹಿಡಿದು ನಗುತ್ತಿದ್ದರು. "ತಲೆ ಅಲ್ರಿ ಗುಮಾಸ್ತ್ರೇ, ಕೈ. ಕೈಯಲ್ಲಿ ಹಿಡಿತ ಇಲ್ಲ ಅಂತ. ನಾಳೆಯಿಂದ ಇವರಿಗೆ ಟೂಲ್ ರೂಮಲ್ಲಿ ಕೂರೋ ಕೆಲಸ, ಸಹಿ ಹಾಕಿದೀನಿ."

ಫಿಟ್ಟರ್‌ನ ಕಣ್ಣು ತುಂಬಿತು. ತಪ್ಪು ತಿಳಿದಿದ್ದ ಗುಮಾಸ್ತರಿಗೆ ತಾವೂ ಅವನಿಗೆ ಏನಾದರೂ ಒಳ್ಳೆಯದು ಮಾಡಬೇಕೆನಿಸಿತು. "ಇವರದ್ದು ಇನ್ನೊಂದು ಚೀಟಿನೂ ಇದೆ ಸರ್" ಎಂದು ಮುಂದಿಟ್ಟರು.

ಮ್ಯಾನೇಜರ ನಗು ಆರಿತು. "ಬೆಳಿಗ್ಗೆ ಪೂರ್, ಮಧ್ಯಾಹ್ನ ಎಕ್ಸಲೆಂಟ್. ಇಷ್ಟು ಬೇಗ ಕೈ ವಾಸಿ ಆಯ್ತಾ?"

"ಅದು ತಲೆದು ಸರ್" ಎಂದ ಫಿಟ್ಟರ್.

"ಬೆಳಿಗ್ಗೆ ಕೈ ಆಗಿದ್ದ ಪದ ಮಧ್ಯಾಹ್ನ ತಲೆ ಆಯ್ತಾ? ಯಾರ ಕಿವಿ ಮೇಲೆ ಹೂ ಇಡ್ತಿದೀರಿ?"

ಟೂಲ್ ರೂಮಿನ ಆದೇಶಕ್ಕೆ ಅಡ್ಡಗೆರೆ ಬಿತ್ತು. ಬಲಗೈ ಹಿಡಿತ ಉತ್ತಮ, ನಾಳೆಯಿಂದ ಏಣಿ ಕೆಲಸ ಎಂದು ಹೊಸದೊಂದು ಬರೆದು, "ಸಹಿ ಹಾಕಿ" ಎಂದರು.

ಫಿಟ್ಟರ್‌ನ ಬೆರಳುಗಳಿಂದ ಪೆನ್ನು ಜಾರಿತು. ಗುಮಾಸ್ತರು ಎತ್ತಿಕೊಟ್ಟರು. ಮತ್ತೆ ಜಾರಿ ನೆಲದ ಮೇಲೆ ಉರುಳಿತು. ಮ್ಯಾನೇಜರು ಗಡಿಯಾರ ನೋಡಿಕೊಂಡು, "ಹೋಗ್ಲಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ" ಎಂದರು.

ಗುಮಾಸ್ತರು ಅವನ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ತಾವೇ ಮೆತ್ತಗೆ ಒತ್ತಿಕೊಟ್ಟರು. ಗುರುತು ಬಹಳ ಸ್ಪಷ್ಟವಾಗಿ ಮೂಡಿತು.