ಮಣ್ಣಿನ ತಟ್ಟೆಗೊಂದು ಬಂದೂಕು

ಅಡಿವೆಯ್ಯ: ಹಗರ ಇರೂದು ಕೊಡ್ರಿ ಅಂದ್ರ ಈ ಒನಕಿ ಯಾಕ ಕೈಯಾಗ ಕೊಡ್ತೀರಿ?

ಲುಯಿಸ್: ಹಗರ ಬಂದೂಕು ಭಾಳ ಒದೀತೈತ್ರಿ, ಅಯ್ಯನೋರ. ವಜ್ಜ ಇದ್ದದ್ದು ಕಡಿಮಿ ಒದೀತೈತಿ.

ಹಳಿಯಾಳದ ಬಂದೂಕಿನ ಅಂಗಡಿಯಲ್ಲಿ ಅರ್ಧ ತಾಸಿನಿಂದ ಇದೇ ಮಾತು. ಅಡಿವೆಯ್ಯನವರದು ದಾಂಡೇಲಿಯ ಅಂಬೇವಾಡಿಯಲ್ಲಿ ಕಿರಾಣಿ ಅಂಗಡಿ. 1979ರಲ್ಲಿ ಊರಿನ ಕ್ಲಬ್ಬಿನವರು ಹೊಸ ಆಟವೊಂದನ್ನು ಶುರು ಮಾಡಿದ್ದರು: ಯಂತ್ರ ಮಣ್ಣಿನ ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ, ಆಟಗಾರ ಅದನ್ನು ಗುಂಡಿಟ್ಟು ಒಡೆಯಬೇಕು. ಇರುವೆಯನ್ನೂ ತುಳಿಯದೆ ದಾಟಿ ನಡೆಯುವ ಅಯ್ಯನವರಿಗೆ, ಜೀವ ತೆಗೆಯದ ಈ ಬೇಟೆ ಹುಚ್ಚು ಹಿಡಿಸಿತು. ಜನವರಿಯ ಪಂದ್ಯಕ್ಕೆ ಹೆಸರು ಕೊಟ್ಟು, ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದರು. ಬೇಡವೆನ್ನಲಿಕ್ಕೆಂದೇ ಹೆಂಡತಿ ಗಿರಿಜಾಬಾಯಿ ಜೊತೆಗೆ ಬಂದಿದ್ದರು. ಮಾರುತ್ತಿದ್ದ ಲುಯಿಸ್ ಸಿದ್ದಿ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು; ಭಾನುವಾರ ಕ್ಲಬ್ಬಿನಲ್ಲಿ ಈ ಆಟ ಕಲಿಸುವವನೂ ಅವನೇ. ನಗುವ ಅಭ್ಯಾಸ ಅವನಿಗಿರಲಿಲ್ಲ.

ಗಿರಿಜಾಬಾಯಿ: ಒದೀತೈತಿ? ಅದಕ್ಕ ಕಾಲು ಎಲ್ಲಿ ಅದಾವ್ರಿ?

ಲುಯಿಸ್: ಕಾಲಿಲ್ರಿ ಅಕ್ಕಾರ. ಗುಂಡು ಮುಂದ ಹೋದಾಗ ಬಂದೂಕು ಹಿಂದ ಬಂದು ಹೆಗಲಿಗೆ ಬಡೀತೈತಿ.

ಗಿರಿಜಾಬಾಯಿ: ಅಂದ್ರ ಮುಂದ ತಟ್ಟಿ ಒಡೀತೈತಿ, ಹಿಂದ ಇವರು.

ಲುಯಿಸ್: ಬಿಗಿ ಹಿಡದ್ರ ತಟ್ಟಿ ಅಷ್ಟ ಒಡೀತೈತ್ರಿ.

ಅಡಿವೆಯ್ಯ: ಒಂದ ನಳಿಗೀದು ಕೊಡ್ರಿ. ಒಂದ ತಟ್ಟಿ, ಒಂದ ಗುಂಡು.

ಲುಯಿಸ್: ಮೊದಲನೇದು ತಪ್ಪಿದ್ರ?

ಅಡಿವೆಯ್ಯ: ಇಲ್ಲೀತನಕ ಒಂದೂ ತಪ್ಪಿಲ್ಲ.

ಲುಯಿಸ್: ಎಷ್ಟು ಹೊಡದೀರಿ?

ಅಡಿವೆಯ್ಯ: ಒಂದೂ ಹೊಡದಿಲ್ಲ.

ಲುಯಿಸ್ ಎರಡು ನಳಿಗೆಯ ಹನ್ನೆರಡು ಬೋರಿನ ಬಂದೂಕೊಂದನ್ನು ಇಳಿಸಿದ. ಮಡಚಿ, ಒಳಗೆ ಖಾಲಿ ಇದೆಯೆಂದು ಇಬ್ಬರಿಗೂ ತೋರಿಸಿ, ಮದ್ದಿಲ್ಲದ ಕಾಡತೂಸು ಹಾಕಿ ಅಯ್ಯನವರ ಹೆಗಲಿಗೆ ಕೂರಿಸಿದ.

ಲುಯಿಸ್: ಗ್ವಾಡಿ ಕಡೆ ಹಿಡದು ಟ್ರಿಗರ್ ಎಳೀರಿ.

ಟಕ್ ಎಂದಿತು.

ಲುಯಿಸ್: ಕಣ್ಣು ಮುಚ್ಚಿದ್ರಿ.

ಅಡಿವೆಯ್ಯ: ಒಂದ ಕಣ್ಣು ಮುಚ್ಚಬೇಕಲ್ಲ?

ಲುಯಿಸ್: ಈ ಆಟದಾಗ ಎರಡೂ ತಗದಿರಬೇಕು. ನೀವು ಎರಡೂ ಮುಚ್ಚಿದ್ರಿ.

ಅಡಿವೆಯ್ಯ: ಎರಡನ್ನೂ ಒಂದ ನಮೂನಿ ಇಟ್ಟೇನಿ. ಅಷ್ಟಾದ್ರೂ ಸರಿ ಐತಲ್ಲ?

ಏಳು ಸಲ ಎಳೆದರು. ಏಳು ಸಲವೂ ಕಣ್ಣು ಮುಚ್ಚಿದವು. ಎಂಟನೆಯ ಸಲ ಗಿರಿಜಾಬಾಯಿ ಅವರ ರೆಪ್ಪೆಗಳನ್ನು ಎರಡು ಬೆರಳಿನಿಂದ ಎತ್ತಿ ಹಿಡಿದರು. ಆಗ ಟ್ರಿಗರ್ ಎಳೆಯುವ ಬೆರಳೇ ಅಲುಗಲಿಲ್ಲ.

ಗಿರಿಜಾಬಾಯಿ: ಕೊಡ್ರಿ ಇಲ್ಲಿ. ಇಷ್ಟ ಸಪ್ಪಳಕ್ಕ ಏನ ಹೆದರೂದು?

ಸೆರಗು ಸಿಕ್ಕಿಸಿ ಬಂದೂಕು ಎತ್ತಿದರು. ಅದು ಅಳತೆ ಕೊಟ್ಟು ಮಾಡಿಸಿದಂತೆ ಹೆಗಲಲ್ಲಿ ಕೂತಿತು. ಗೋಡೆಯ ಮುಂದೆ ಹಾರುತ್ತಿದ್ದ ನೊಣವೊಂದನ್ನು ನಳಿಗೆ ಸಾವಕಾಶ ಹಿಂಬಾಲಿಸಿತು. ಟಕ್. ಕಣ್ಣು ಮಿಟುಕಲಿಲ್ಲ.

ಲುಯಿಸ್: ಇನ್ನೊಮ್ಮೆ ಎಳೀರಿ, ಅಕ್ಕಾರ.

ಟಕ್. ಲುಯಿಸ್ ತಲೆಯ ಟೋಪಿ ತೆಗೆದು ಮೇಜಿನ ಮೇಲಿಟ್ಟ.

ಲುಯಿಸ್: ಅಯ್ಯನೋರ, ಬಂದೂಕು ಸಿಕ್ತು. ಹೆಗಲು ಬ್ಯಾರೇದು.

ಅಡಿವೆಯ್ಯ: ಲೈಸೆನ್ಸ್ ನನ್ನ ಹೆಸರಲೆ ಐತಿ!

ಲುಯಿಸ್: ಅಕ್ಕಾರ ಹೆಸರಲೆ ಅರ್ಜಿ ಹಾಕೂಣು. ಅಲ್ಲೀತನಕ ಕ್ಲಬ್ಬಿನ ಬಂದೂಕಿನ್ಯಾಗ ಕಲೀಲಿ.

ಗಿರಿಜಾಬಾಯಿ: ನಾ ಬ್ಯಾಡ ಅನ್ನಾಕ ಬಂದಾಕಿರಿ.

ಬಂದೂಕು ಇನ್ನೂ ಅವರ ಕೈಯಲ್ಲೇ ಇತ್ತು.

ಗಿರಿಜಾಬಾಯಿ: ಭಾನುವಾರ ಎಷ್ಟು ಗಂಟೆಕ್ಕ ಬರಬೇಕ್ರಿ?

ಅಡಿವೆಯ್ಯನವರ ಮುಖ ಸಣ್ಣದಾಯಿತು. ಮೂರು ತಿಂಗಳಿಂದ ಗಿರಾಕಿಗಳಿಗೆಲ್ಲ ಪಂದ್ಯದ ಸುದ್ದಿ ಹೇಳಿಕೊಂಡಿದ್ದರು. ಗಿರಿಜಾಬಾಯಿ ಅದನ್ನು ಕಂಡು ಬಂದೂಕು ಕೆಳಗಿಟ್ಟರು.

ಗಿರಿಜಾಬಾಯಿ: ಇವರು ಬರದಿದ್ರ ನಾನೂ ಬರೂದಿಲ್ಲ. ಇವರಿಗೂ ಅಲ್ಲೊಂದು ಕೆಲಸ ಕೊಡ್ರಿ.

ಲುಯಿಸ್: ಐತ್ರಿ. ತಟ್ಟಿ ಹಾರಿಸೂ ಯಂತ್ರದ ಹಗ್ಗ ಜಗ್ಗೂದು. ಅಕ್ಕಾರು ‘ಹೂಂ’ ಅಂದ ಕೂಡಲೆ ಜಗ್ಗಬೇಕು. ತಡಾ ಮಾಡಬಾರದು, ಯಾಕ ಅಂತ ಕೇಳಬಾರದು. ಪೂರ್ತಿ ಕಲಿಯಾಕ ಒಂದು ವರ್ಷ ಬೇಕು.

ಅಡಿವೆಯ್ಯ: ಅದರಾಗ ಕಲಿಯೂದೇನೈತ್ರಿ? ಲಗ್ನ ಆಗಿ ಹದಿನೆಂಟು ವರ್ಷಾತು.