ಆರು ಹೊಸ ತೋಟಾ

ಹಿತ್ತಲ ಗೋಡೆಗೆ ಒರಗಿಕೊಂಡು ಫೋನಿನಲ್ಲಿ ಮಾತಾಡಿದ್ದೇ ಎಎಸ್‌ಐ ಬೋರಲಿಂಗಯ್ಯ ಅಂದು ಮಾಡಿದ ತಪ್ಪು.

"ಲೇ ಅಶ್ವಥ್, ಹಳೇ ತೋಟಾ ಬ್ಯಾಡ ಕಣ್ಲಾ. ಹೋದೊರ್ಸ ಎರಡು ಕೈ ಕೊಟ್ವು. ಹೊಸವು ಆರು ನನ್ ಹೆಸರಲ್ಲಿ ಎತ್ತಿ ಮಡಗು. ಯಾರ್ಗೂ ಹೇಳ್ಬ್ಯಾಡ."

ಅಶ್ವಥ್ ಪೊಲೀಸ್ ಶಸ್ತ್ರಾಗಾರದವನು. ತೋಟಾ ಎಂದರೆ ರಿವಾಲ್ವರಿನ ಗುಂಡು. ಆದರೆ ಗೋಡೆಯಾಚೆ ರಾಗಿ ಒಣಹಾಕುತ್ತಿದ್ದ ಪಕ್ಕದ ಮನೆಯ ನಾಗಲಕ್ಷ್ಮಮ್ಮನ ಕಿವಿಗೆ ಕೊನೆಯ ದೀರ್ಘ ಬೀಳಲಿಲ್ಲ. ಮಾಗಡಿಯಲ್ಲಿ ತೋಟ ಎಂದರೆ ತೆಂಗಿನ ತೋಟ. ಆಕೆ ಮೊರ ಅಲ್ಲೇ ಬಿಟ್ಟು ಎದುರು ಮನೆಗೆ ಹೋದಳು.

ಅಂದು ಮಧ್ಯಾಹ್ನ ಫೈರಿಂಗ್ ಪರೀಕ್ಷೆ. ಬೋರಲಿಂಗಯ್ಯ ಎರಡು ವರ್ಷ ಫೇಲಾಗಿದ್ದರು. ಮೂರನೆಯ ಸಲವೂ ಫೇಲಾದರೆ ಒಂದು ತಿಂಗಳು ಹೊಸ ಹುಡುಗರ ಜೊತೆ ತರಬೇತಿ, ಬೆಳಗ್ಗೆ ಐದಕ್ಕೆ ಓಟ. ಐವತ್ತಾರರ ಮಂಡಿಗಳು ಆ ಸುದ್ದಿ ಕೇಳಿಯೇ ನೋಯುತ್ತಿದ್ದವು.

ಕಷ್ಟವಿದ್ದದ್ದು ಕುದುರೆಯಲ್ಲಿ. ಪರೀಕ್ಷೆಯಲ್ಲಿ ರಿವಾಲ್ವರಿನ ಕುದುರೆಯನ್ನು, ಅಂದರೆ ಗುಂಡಿಗೆ ಬಡಿಯುವ ಹಿಂಬದಿಯ ಕೊಕ್ಕೆಯನ್ನು, ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದಿಡುವಂತಿಲ್ಲ. ಟ್ರಿಗರ್ ಒಂದನ್ನೇ ಎಳೆದು ಅದನ್ನು ಎತ್ತಿ ಬೀಳಿಸಬೇಕು. ಆ ಬಿಗಿಗೆ ನಳಿಕೆ ತಗ್ಗಿ ಗುಂಡು ನೆಲ ಸೇರುತ್ತಿತ್ತು. ಚನ್ನಪಟ್ಟಣದ ಬೊಂಬೆ ಕೆಲಸದ ಇದ್ರೀಸ್, ಗಟ್ಟಿ ಸ್ಪ್ರಿಂಗ್ ಹಾಕಿ ಮರದ ರಿವಾಲ್ವರ್ ಮಾಡಿಕೊಟ್ಟು ಉಪಾಯವನ್ನೂ ಹೇಳಿದ್ದ.

"ಅರಗು ಹಚ್ಚೋವಾಗ ಕೈ ತಡೆದ್ರೆ ಬಣ್ಣ ಗಂಟು ಕಟ್ತೈತೆ ಸಾರ್. ಇದೂ ಅಂಗೇಯ. ಎಳೆಯೋಕೆ ಶುರು ಮಾಡಿದ್ಮ್ಯಾಕೆ ನಡುವೆ ನಿಲ್ಲಿಸ್ಬ್ಯಾಡಿ."

ಬೋರಲಿಂಗಯ್ಯ ಆ ಮರದ ರಿವಾಲ್ವರಿನ ನಳಿಕೆಯ ತುದಿಯ ಮೇಲೆ ಹುಣಸೆ ಬೀಜ ಇಟ್ಟುಕೊಂಡು ಒಂದೂವರೆ ತಿಂಗಳು ಎಳೆದರು. ಅಂದು ಬೆಳಗ್ಗೆ ಇಪ್ಪತ್ತು ಸಲ ಎಳೆದರೂ ಬೀಜ ಅಲುಗಲಿಲ್ಲ. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

ಊಟಕ್ಕೆ ಕೂತರೆ ಹೆಂಡತಿ ವೆಂಕಟಲಕ್ಷ್ಮಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿದರು.

"ಆರು ತೋಟ ತಗಂಡಿರೋದು ಊರ್ಗೆಲ್ಲ ಗೊತ್ತು, ನನ್ಗೆ ಗೊತ್ತಿಲ್ಲ. ಯಾರ್ ಹೆಸ್ರಿಗೆ ಮಾಡ್ಸಿದ್ದೀರಿ?"

ಉತ್ತರಿಸುವ ಮೊದಲೇ ಜಮೀನು ದಲ್ಲಾಳಿ ದೊಡ್ಡಮುನಿಯಪ್ಪ ಬಾಗಿಲಲ್ಲಿದ್ದ.

"ಸಾರ್, ಆರೂ ಒಂದೇ ಕಡೆ ಸಿಗಾಕಿಲ್ಲ. ಕಲ್ಯ ಊರಿನ ತಾವ ಎರಡವೆ, ಬೋರ್‌ವೆಲ್ ಐತೆ."

"ನಂಗೆ ಬೇಕಾಗಿರೋದು ತೋಟಾ ಕಣಯ್ಯ, ತೋಟ ಅಲ್ಲ."

"ಅದ್ನೇ ಸಾರ್ ನಾನೂ ಹೇಳ್ತಿರೋದು."

ಬೋರಲಿಂಗಯ್ಯ ಅರ್ಧ ಮುದ್ದೆಗೇ ಎದ್ದು ಬಸ್ಸು ಹತ್ತಿದರು. ಅಲ್ಲೂ ಇಬ್ಬರು ಎಳನೀರು ಯಾವಾಗ ಎಂದು ಕೇಳಿದರು.

ಪರೀಕ್ಷೆಯ ಮೈದಾನದಲ್ಲಿ ಅಶ್ವಥ್ ಹೊಳೆಯುವ ಆರು ತೋಟಾ ಕೊಟ್ಟ. ಬೋರಲಿಂಗಯ್ಯ ಹುಣಸೆ ಬೀಜವನ್ನು ನೆನೆದು, ಎಲ್ಲೂ ತಡೆಯದೆ ಎಳೆದರು. ಆರಕ್ಕೆ ಆರೂ ನಡುವಿನ ವೃತ್ತದಲ್ಲಿ ಬಿದ್ದವು. ಜೊತೆಯವರು ಚಪ್ಪಾಳೆ ತಟ್ಟಿದರು. ಡಿವೈಎಸ್‌ಪಿ ಮಾತ್ರ ಫೋನ್ ನೋಡುತ್ತ ನಿಂತಿದ್ದರು.

"ಬೋರಲಿಂಗಯ್ಯ, ಮಾಗಡಿಯಿಂದ ಮೂರು ಜನ ಫೋನ್ ಮಾಡಿದ್ರು. ಗುಟ್ಟಾಗಿ ಆರು ಹೊಸ ತೋಟ ಮಾಡ್ಕೊಂಡಿದ್ದೀರಂತೆ. ಈ ಸಂಬಳದಲ್ಲಿ ಹೇಗ್ರೀ?"

ಬೋರಲಿಂಗಯ್ಯ ನಿರಾಳವಾಗಿ ನಕ್ಕರು. "ಅಯ್ಯೋ, ಅದು ತೋಟ ಅಲ್ಲ ಸಾರ್, ತೋಟಾ. ಹಳೇವು ಕೈ ಕೊಡ್ತವೆ ಅಂತ ಅಶ್ವಥ್‌ಗೆ ಹೇಳಿ ಹೊಸವು ಎತ್ತಿ ಮಡಗ್ಸಿದ್ದೆ, ಅಷ್ಟೇಯ."

ಹಿಂದೆ ನಿಂತಿದ್ದ ಅಶ್ವಥ್ ಕಣ್ಣು ಮುಚ್ಚಿಕೊಂಡ.

"ಅಂದ್ರೆ ಪರೀಕ್ಷೆ ಗುಂಡನ್ನ ನೀವೇ ಆರಿಸ್ಕೊಂಡ್ರಿ. ಸರಿಯಾಗಿ ಹೇಳಿ, ತೋಟವೋ ತೋಟಾವೋ? ತೋಟ ಆದ್ರೆ ಆಸ್ತಿ ವಿಚಾರಣೆ. ತೋಟಾ ಆದ್ರೆ ಪರೀಕ್ಷೆ ರದ್ದು, ಒಂದು ತಿಂಗಳು ತರಬೇತಿ."

ಬೋರಲಿಂಗಯ್ಯ ಗುರಿಹಲಗೆಯ ಆರು ತೂತುಗಳನ್ನು ಒಮ್ಮೆ ನೋಡಿದರು. "ತೋಟಾ ಸಾರ್" ಎಂದರು, ದೀರ್ಘವನ್ನು ಚೆನ್ನಾಗಿ ಎಳೆದು.

ಬೋರಲಿಂಗಯ್ಯ ಬೇಡವೆಂದಿದ್ದ ಹಳೆಯ ಆರು ತೋಟಾಗಳನ್ನು ಸಾಲಿನಲ್ಲಿದ್ದ ಮುಂದಿನವನಿಗೆ ಕೊಟ್ಟರು. ಒಂದೂ ಕೈ ಕೊಡಲಿಲ್ಲ.

ಸೋಮವಾರ ಬೆಳಗ್ಗೆ ಐದಕ್ಕೆ ಹುಡುಗರ ಹಿಂದೆ ಬೋರಲಿಂಗಯ್ಯ, ಅವರ ಹಿಂದೆ ಅಶ್ವಥ್ ಓಡುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಬೋರಲಿಂಗಯ್ಯನವರ ಜೇಬಿನ ಫೋನ್ ಹೊಡೆದುಕೊಂಡಿತು. ದೊಡ್ಡಮುನಿಯಪ್ಪ.

"ಸಾರ್, ಟ್ರೈನಿಂಗ್‌ಗೆ ಹೋದ್ರಂತಲ್ಲ. ಅದ್ರ ಕಾಂಪೌಂಡ್ ಪಕ್ಕದಾಗೇ ಒಂದ್ ತೋಟ ಐತೆ. ಓಡ್ತಾ ಓಡ್ತಾ ಒಸಿ ನೋಡ್ಕಳಿ."